ಬೆನ್ ಯಿಜುವಿನ ಊರುಗಳಲ್ಲಿ ಹನ್ನೊಂದು ದಿನ

1149ರ ಸೆಪ್ಟೆಂಬರ್ 11ರಂದು ಏಡನ್ ಬಂದರಿನಲ್ಲಿ ಕುಳಿತು ಒಬ್ಬ ವ್ಯಾಪಾರಿ ತನ್ನ ಒಡಹುಟ್ಟಿದವರಿಗೆ ಪತ್ರ ಬರೆದ. ಹಿಂದ್ ದೇಶದಿಂದ ಮಕ್ಕಳೊಂದಿಗೆ, ಗಳಿಸಿದ ಹಣದೊಂದಿಗೆ ಕ್ಷೇಮವಾಗಿ ಬಂದು ಮುಟ್ಟಿದ್ದೇನೆ ಎಂದು ತಿಳಿಸಿದ ಮೇಲೆ, ಇಫ್ರಿಕಿಯಾದ, ಅಂದರೆ ಇಂದಿನ ಟುನೀಶಿಯಾ ಮತ್ತು ಅದರ ಸುತ್ತಲ ನಾಡಿನ, ಕರಾವಳಿಯಲ್ಲಿ ನಡೆದುದೆಲ್ಲ ಕಿವಿಗೆ ಬಿತ್ತು ಎಂದು ಹೇಳಿ ಕೆಲವು ಊರುಗಳ ಹೆಸರು ಬರೆಯುತ್ತಾನೆ. ಟ್ರಿಪೊಲಿ, ಜೆರ್ಬಾ, ಕೆರ್ಕೆನ್ನಾ, ಸ್ಫಾಕ್ಸ್, ಮಹ್ದಿಯಾ, ಸೂಸ್. ಅಲ್ಲಿ ಯಾರು ಸತ್ತರು, ಯಾರು ಉಳಿದರು ಎಂದು ತಿಳಿಯಲು ಒಂದೇ ಒಂದು ಕಾಗದವೂ ತನಗೆ ಬರಲಿಲ್ಲ ಎಂಬ ಸಂಕಟ ಅದರ ಹಿಂದೆಯೇ ಬರುತ್ತದೆ. ಈ ವ್ಯಾಪಾರಿಯ ಹೆಸರು ಅಬ್ರಹಾಂ ಬೆನ್ ಯಿಜು. ಯಹೂದಿ. ಹುಟ್ಟಿದ್ದು ಇಂದಿನ ಟುನೀಶಿಯಾದ ಮಹ್ದಿಯಾದಲ್ಲಿ. ಆ ಪತ್ರಕ್ಕೆ ಹಿಂದಿನ ಹದಿನೇಳು ವರ್ಷಗಳ ಬಹುಪಾಲನ್ನು ಆತ ಕಳೆದದ್ದು ನನ್ನ ಊರಾದ ಮಂಗಳೂರಿನಲ್ಲಿ.

ನನ್ನಜ್ಜ ಮಂಗಳೂರಿನ ಬಂದರು ಪೇಟೆಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಚಾಲಿ, ಪಟೋರ ಎಂದು ವಿಂಗಡಿಸಿ ಗೋಣಿಗೆ ತುಂಬಿ, ಹೊಲಿದು, ಗುರುತು ಹಾಕಿ ಕಳಿಸುವ ಆ ಕೆಲಸದ ಧೂಳು ಅವರ ಅಂಗಿಯಿಂದ ಕೊನೆಯವರೆಗೂ ಹೋಗಲಿಲ್ಲ. ಬೆನ್ ಯಿಜು ಕೂಡ ಇದೇ ಕಡಲಂಚಿನಿಂದ ಏಡನ್ನಿಗೆ ಕಾಳುಮೆಣಸು, ಏಲಕ್ಕಿ, ಕಬ್ಬಿಣದ ಜೊತೆಗೆ ಅಡಿಕೆಯನ್ನು ಕಳಿಸುತ್ತಿದ್ದನೆಂದು ಓದಿದಾಗ ನನಗೆ ಆತ ಚರಿತ್ರೆಯ ವ್ಯಕ್ತಿಯಾಗಿ ಕಾಣಲಿಲ್ಲ. ಅಜ್ಜನ ಮಂಡಿಗೆ ಎಂಟುನೂರು ವರ್ಷ ಮೊದಲು ಬಂದುಹೋದ ಗಿರಾಕಿಯಂತೆ ಕಂಡ. ಹೋದ ನವೆಂಬರಿನಲ್ಲಿ ಹನ್ನೊಂದು ದಿನಗಳ ರಜೆ ಹಾಕಿ ಟುನೀಶಿಯಾಕ್ಕೆ ಹೊರಟಾಗ ನನ್ನ ಕೈಯಲ್ಲಿ ಇದ್ದ ನಕ್ಷೆ ಎಂದರೆ ಆ ಪತ್ರದ ಊರುಗಳ ಸಾಲು. ಟ್ರಿಪೊಲಿ ಲಿಬಿಯಾದಲ್ಲಿರುವುದರಿಂದ ಅದನ್ನು ಬಿಟ್ಟೆ. ಕೆರ್ಕೆನ್ನಾದ ದೋಣಿ ಗಾಳಿಯ ದೆಸೆಯಿಂದ ಹೊರಡಲಿಲ್ಲ. ಉಳಿದವುಗಳನ್ನು ನೋಡಿಬಂದೆ.

ಈ ಪತ್ರಗಳು ಉಳಿದ ಬಗೆಯನ್ನು ಮೊದಲು ಹೇಳಬೇಕು. ದೇವರ ಹೆಸರಿರುವ ಕಾಗದವನ್ನು ಎಸೆಯಬಾರದೆಂಬುದು ಯಹೂದಿಗಳ ನಿಯಮ. ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದು ವಿಚಿತ್ರವೆನಿಸದು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಇಂಥ ಕಾಗದಗಳನ್ನು ಹಾಕುವ ಒಂದು ಕತ್ತಲೆ ಕೋಣೆ ಇತ್ತು. ಅದೇ ಗೆನಿಜಾ. ವ್ಯವಹಾರದ ಪತ್ರದಲ್ಲೂ ದೇವರನ್ನು ನೆನೆಯದೆ ಯಾರೂ ಬರೆಯುತ್ತಿರಲಿಲ್ಲವಾದ್ದರಿಂದ ಲೆಕ್ಕದ ಚೀಟಿ, ಮದುವೆಯ ಕರಾರು, ಸಾಲದ ಪತ್ರ, ಜಗಳದ ದೂರು ಎಲ್ಲವೂ ಶತಮಾನಗಟ್ಟಲೆ ಅದರೊಳಗೆ ಬಿದ್ದವು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಅಲ್ಲಿಂದ ಸುಮಾರು 1,90,000 ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ವ್ಯವಹಾರದ ಕಾಗದಗಳ ಭಾಷೆ ಹೆಚ್ಚಾಗಿ ಅರಬ್ಬಿ, ಲಿಪಿ ಹೀಬ್ರೂ. ಎಸ್. ಡಿ. ಗೊಯ್ಟೀನ್ ಎಂಬ ವಿದ್ವಾಂಸರು ದಶಕಗಳ ಕಾಲ ಕುಳಿತು ಅವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದವನ್ನು ಆರಿಸಿ ಓದಿದ್ದರಿಂದ ಬೆನ್ ಯಿಜು ನಮಗೆ ದಕ್ಕಿದ. ಮಂಗಳೂರಿನಲ್ಲಿ ಅವನ ಹೆಸರಿನ ಒಂದು ಕಲ್ಲೂ ಇಲ್ಲ.

ಟ್ಯೂನಿಸ್ ಆ ಪಟ್ಟಿಯಲ್ಲಿಲ್ಲದ ಊರು, ಆದರೆ ವಿಮಾನ ಇಳಿಯುವುದು ಅಲ್ಲಿಯೇ. ಮೊದಲ ಪರೀಕ್ಷೆ ನಡೆದದ್ದೂ ವಿಮಾನ ನಿಲ್ದಾಣದಲ್ಲಿಯೇ. ಅಜ್ಜನ ನೆನಪಿಗೆಂದು ಚೀಲದಲ್ಲಿ ಹಾಕಿಕೊಂಡಿದ್ದ ಕಾಲು ಕಿಲೋ ಚಾಲಿ ಅಡಿಕೆಯನ್ನು ಸುಂಕದ ಅಧಿಕಾರಿ ಮೇಜಿನ ಮೇಲೆ ಸುರಿದು, ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಮೂಸಿ, ಮೇಜಿಗೆ ಎರಡು ಬಾರಿ ಕುಟ್ಟಿ ನೋಡಿದರು. ನಾನು ಗಾಬರಿಯಲ್ಲಿ ನೆನಪಾದ ಒಂದೇ ಅರಬ್ಬಿ ಪದವನ್ನು ಹೇಳಿದೆ, 'ಫೌಫಲ್'. ನಮ್ಮ ಪೂಗಫಲವೇ ಪಾರ್ಸಿಯ ದಾರಿ ಹಿಡಿದು ಫೌಫಲ್ ಆದದ್ದು. ಅವರಿಗೆ ಆ ಪದ ಗೊತ್ತಿರಲಿಲ್ಲ. ಏಡನ್ನಿನವರೆಗೆ ಬಂದ ಅಡಿಕೆಯ ರುಚಿ ಇಲ್ಲಿಯ ಬಾಯಿಗೆ ಹತ್ತಲೇ ಇಲ್ಲವೆಂದು ತೋರುತ್ತದೆ. ಬಹಳ ಹೊತ್ತಿನ ಸಮಾಲೋಚನೆಯ ಬಳಿಕ ನನ್ನನ್ನು ನಿರುಪದ್ರವಿ ಎಂದು ತೀರ್ಮಾನಿಸಿ, ಐದು ಅಡಿಕೆ ಬಿಟ್ಟು ಉಳಿದದ್ದನ್ನು ಇಟ್ಟುಕೊಂಡರು.

ಟ್ಯೂನಿಸಿನ ಹಳೆಯ ಪೇಟೆಯನ್ನು ಮದೀನಾ ಎನ್ನುತ್ತಾರೆ. ಜೈತೂನಾ ಮಸೀದಿಯ ಸುತ್ತ ಅತ್ತರಿನವರ, ಟೋಪಿಯವರ, ಬಟ್ಟೆಯವರ ಓಣಿಗಳು ಒಂದರೊಳಗೊಂದು ಹೊಕ್ಕು ಹೊರಬರುತ್ತವೆ. ಅದರ ಉತ್ತರಕ್ಕೆ ಸಂತ ಸೀದಿ ಮಹ್ರೆಜ್‌ನ ಗೋರಿ. ಊರಿನ ಕೋಟೆಯೊಳಗೆ ರಾತ್ರಿ ತಂಗಲು ಯಹೂದಿಗಳಿಗೆ ಅನುಮತಿ ಇಲ್ಲದ ಕಾಲದಲ್ಲಿ ಈ ಸಂತ ತನ್ನ ಊರುಗೋಲನ್ನು ಎಸೆದು, ಅದು ಬಿದ್ದ ಜಾಗದಲ್ಲಿ ಅವರಿಗೆ ಕೇರಿ ಮಾಡಿಕೊಟ್ಟನೆಂದು ಐತಿಹ್ಯ. ಆ ಕೇರಿಯ ಹೆಸರು ಹಾರಾ. ಈಗ ಅಲ್ಲಿ ಹಾಫ್ಸಿಯಾ ಎಂಬ ಬಡಾವಣೆ ಇದೆ. ಜೀರ್ಣವಾಗಿದ್ದ ಮನೆಗಳನ್ನು ಕೆಡವಿ, ಮದೀನಾದ ಅಳತೆಗೆ ಒಪ್ಪುವಂತೆ ಹೊಸ ಮನೆಗಳನ್ನು ಕಟ್ಟಿದ ಆ ಯೋಜನೆಗೆ ಎರಡು ಬಾರಿ ಆಗಾ ಖಾನ್ ಪ್ರಶಸ್ತಿ ಬಂದಿದೆ. ಪ್ರಶಸ್ತಿಗೆ ತಕ್ಕ ಕೆಲಸವೇ. ಆದರೆ ಹಾರಾ ಎಲ್ಲಿ ಎಂದು ಕೇಳಿದಾಗ ಅಲ್ಲಿ ಕ್ರಿಕೆಟ್ಟಿನಂತೆಯೇ ಗಲಾಟೆ ಮಾಡುತ್ತ ಫುಟ್‌ಬಾಲ್ ಆಡುತ್ತಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಇಲ್ಲಿಯ ಯಹೂದಿಗಳು ಒಂದೇ ಜನವಾಗಿರಲಿಲ್ಲ ಎಂಬುದು ನನಗೆ ಹೊಸ ಸಂಗತಿ. ಮೊದಲಿನಿಂದ ಇದ್ದವರು ತ್ವಾನ್ಸಾ. ಸ್ಪೇನ್, ಪೋರ್ಚುಗಲ್ ಬಿಟ್ಟು ಇಟಲಿಯ ಲಿವೋರ್ನೊ ಸೇರಿ ಅಲ್ಲಿಂದ ವ್ಯಾಪಾರಕ್ಕೆ ಬಂದವರು ಗ್ರಾನಾ. 1710ರಲ್ಲಿ ಇವರಿಬ್ಬರೂ ಲಿಖಿತ ಒಪ್ಪಂದ ಮಾಡಿಕೊಂಡು ಬೇರೆಯಾದರು. ಸಿನಗಾಗ್ ಬೇರೆ, ಮಾಂಸದಂಗಡಿ ಬೇರೆ, ಸ್ಮಶಾನದಲ್ಲಿಯೂ ನಡುವೆ ಒಂದು ಗೋಡೆ. ಒಂದೇ ದೇವರು, ಎರಡು ಪಂಕ್ತಿ. ದಕ್ಷಿಣ ಕನ್ನಡದವನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೊಸ ಟ್ಯೂನಿಸಿನ ಲಿಬರ್ಟಿ ರಸ್ತೆಯಲ್ಲಿ 1937ರ ಮಹಾ ಸಿನಗಾಗ್ ಇದೆ. ಎತ್ತರದ ಬಿಳಿ ಗೋಡೆ, ನಡುವೆ ದೊಡ್ಡ ಆರು ಮೂಲೆಯ ನಕ್ಷತ್ರ, ಮುಂದೆ ಮುಳ್ಳುತಂತಿ, ಬಂದೂಕು ಹಿಡಿದ ಪೊಲೀಸರು. ಮೊದಲೇ ಅನುಮತಿ ಪಡೆಯದವರಿಗೆ ಒಳಗೆ ಪ್ರವೇಶವಿಲ್ಲ. ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತು ನೋಡಿದೆ. 1942ರ ನವೆಂಬರಿನಿಂದ 1943ರ ಮೇ ತಿಂಗಳವರೆಗೆ ಈ ನಗರ ಜರ್ಮನ್ ಸೇನೆಯ ಕೈಯಲ್ಲಿತ್ತು. ಸುಮಾರು 5,000 ಯಹೂದಿ ಗಂಡಸರನ್ನು ಬಿಟ್ಟಿ ದುಡಿಮೆಯ ಶಿಬಿರಗಳಿಗೆ ಒಯ್ದಿದ್ದರು. ಅದನ್ನೆಲ್ಲ ದಾಟಿ ಉಳಿದ ಸಮುದಾಯ ಆಮೇಲಿನ ಎರಡು ದಶಕಗಳಲ್ಲಿ ಕರಗಿಹೋಯಿತು. 1948ರ ಹೊತ್ತಿಗೆ ಟುನೀಶಿಯಾದಲ್ಲಿ ಸುಮಾರು 1,00,000 ಯಹೂದಿಗಳಿದ್ದರು. ಇಸ್ರೇಲ್ ಹುಟ್ಟಿತು, 1956ರಲ್ಲಿ ಈ ದೇಶ ಸ್ವತಂತ್ರವಾಯಿತು, 1961ರಲ್ಲಿ ಬಿಜೆರ್ತ್ ನೌಕಾನೆಲೆಗಾಗಿ ಫ್ರಾನ್ಸಿನ ಜೊತೆ ಕಾದಾಟವಾಯಿತು, 1967ರ ಯುದ್ಧದ ಮೊದಲ ದಿನ ಗುಂಪೊಂದು ಇದೇ ಸಿನಗಾಗ್‌ಗೆ ಬೆಂಕಿ ಇಟ್ಟಿತು. ಒಂದೊಂದು ಸಲವೂ ಒಂದೊಂದು ಅಲೆ ಜನ ಪ್ಯಾರಿಸ್‌ಗೆ, ಇಸ್ರೇಲಿಗೆ ಹೊರಟುಹೋದರು. ಈಗ ಇಡೀ ದೇಶದಲ್ಲಿ ಉಳಿದವರು 1,500ರ ಒಳಗೆ. ಆ ಕಟ್ಟಡ ತುಂಬಬೇಕಾದರೆ ಅವರೆಲ್ಲರೂ ಒಟ್ಟಿಗೆ ಬರಬೇಕಾದೀತು.

ಸಂಜೆ ಬೂರ್ಗಿಬಾ ರಸ್ತೆಯ ಮರಗಳಿಗೆ ಹಕ್ಕಿಗಳು ಸಾವಿರಗಟ್ಟಲೆಯಲ್ಲಿ ಮರಳುತ್ತವೆ. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಅಂಗಡಿಯವರು ಮೇಜುಗಳ ಮೇಲೆ ಬಟ್ಟೆ ಮುಚ್ಚುತ್ತಾರೆ. ಅಭ್ಯಾಸವಿಲ್ಲದ ನನ್ನ ಕಾಫಿ ಹಾಳಾಯಿತು.

ಸೂಸ್‌ನಲ್ಲಿ ಒಂದು ಹಗಲು ಮಾತ್ರ ಇದ್ದೆ. ಕೋಟೆ, ರಿಬಾತ್ ಎಂಬ ಹಳೆಯ ಕಾವಲುಮಠ, ಅದರ ಗೋಪುರದಿಂದ ಕಾಣುವ ಬಂದರು ಎಲ್ಲವೂ ಚೆನ್ನಾಗಿದ್ದರೂ ಪ್ರವಾಸಿಗರಿಗೆಂದೇ ಜೋಡಿಸಿಟ್ಟಂತಿದ್ದವು. ಅಲ್ಲಿಂದ ಕಡಲ ಬದಿಯಲ್ಲೇ ಸಾಗುವ ಪುಟ್ಟ ರೈಲು ಮಹ್ದಿಯಾಕ್ಕೆ ಹೋಗುತ್ತದೆ.

ಮಹ್ದಿಯಾ ಕಡಲಿಗೆ ಚಾಚಿದ ಒಂದು ನಾಲಿಗೆ. ಫಾತಿಮೀ ಮನೆತನದ ಮೊದಲ ಖಲೀಫ ಅಲ್-ಮಹ್ದಿ ಹತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ತನ್ನ ರಾಜಧಾನಿಯಾಗಿ ಕಟ್ಟಿ, 921ರಲ್ಲಿ ಬಂದು ನೆಲೆಸಿದ. ಮೂರು ಕಡೆ ನೀರು. ನಾಲ್ಕನೆಯ ಕಡೆಯ ಕಿರಿದಾದ ನೆಲಕ್ಕೆ ಅಡ್ಡವಾಗಿ ದಪ್ಪ ಗೋಡೆ, ಅದಕ್ಕೊಂದೇ ಬಾಗಿಲು. 1554ರಲ್ಲಿ ಸ್ಪೇನಿನವರು ಊರು ಬಿಟ್ಟು ಹೋಗುವಾಗ ಗೋಡೆಯನ್ನು ಮದ್ದು ಇಟ್ಟು ಸಿಡಿಸಿದರೂ ಆ ಹೆಬ್ಬಾಗಿಲಿನ ಜಾಗದಲ್ಲಿ ಇವತ್ತಿಗೂ ಒಂದು ಉದ್ದನೆಯ ಕತ್ತಲೆ ಹಾದಿ ಇದೆ, ಅದರ ಹೆಸರೂ 'ಕಪ್ಪು ಹಾದಿ' ಎಂದೇ, ಸ್ಕೀಫಾ ಅಲ್-ಕಹ್ಲಾ. ಹೊರಗಿನ ಬಿಸಿಲಿನಿಂದ ಅದರೊಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಒಂದು ಗಳಿಗೆ ಬೇಕು. ಹೊಂದಿಕೊಂಡ ಮೇಲೆ ಮೊದಲು ಕಾಣುವುದು ಕಲ್ಲಿನ ಕಟ್ಟೆಗಳ ಮೇಲೆ ಕುಳಿತ ಬಟ್ಟೆ ವ್ಯಾಪಾರಿಗಳು. ನನಗೆ ತಟ್ಟನೆ ಅನ್ನಿಸಿದ್ದಿಷ್ಟು: ಬೆನ್ ಯಿಜು ಊರು ಬಿಡುವಾಗ ಹಡಗನ್ನೇ ಹಿಡಿದಿರಬಹುದು, ಆದರೆ ಹುಡುಗನಾಗಿದ್ದಾಗ ಊರಾಚೆ ಹೋಗಬೇಕಾದರೆ ಈ ಬಾಗಿಲಿನ ಹೊರತು ಬೇರೆ ದಾರಿ ಇರಲಿಲ್ಲ.

ಆತನ ಕಾಲಕ್ಕೆ ಫಾತಿಮೀಗಳು ಈಜಿಪ್ಟ್ ಗೆದ್ದು, ಕೈರೋ ಕಟ್ಟಿ, ಅಲ್ಲಿಗೆ ಹೋಗಿ ಶತಮಾನಕ್ಕೂ ಹೆಚ್ಚಾಗಿತ್ತು. ಒಳನಾಡಿನ ಕೈರವಾನ್ ನಗರ 1057ರಲ್ಲಿ ಹಿಲಾಲಿ ಬುಡಕಟ್ಟುಗಳ ದಾಳಿಗೆ ತುತ್ತಾದಾಗ ಅಲ್ಲಿಯ ವ್ಯಾಪಾರ, ವಿದ್ಯೆ, ಯಹೂದಿ ಪಂಡಿತರು ಎಲ್ಲರೂ ಕರಾವಳಿಗೆ ಸರಿದಿದ್ದರು. ಬೆನ್ ಯಿಜುವಿನ ತಂದೆಯೂ ಓದುಬರಹ ಬಲ್ಲ ಧರ್ಮಗುರು. ಮಗ ಮಾತ್ರ ಪೂರ್ವಕ್ಕೆ ಹೊರಟು, ಏಡನ್ನಿನ ವರ್ತಕರ ಮುಖಂಡನಾಗಿದ್ದ ಮದ್‌ಮೂನ್‌ನ ಆಸರೆ ಹಿಡಿದು, ಅಲ್ಲಿಂದ ಆಳುಪರ ಮಂಗಳೂರಿಗೆ ಬಂದ. 1132ರ ಅಕ್ಟೋಬರ್ 17ರಂದು ಮಂಜರೂರಿನಲ್ಲಿ, ಅಂದರೆ ನಮ್ಮ ಮಂಗಳೂರಿನಲ್ಲಿ, ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡಿಸಿ ಬರೆದುಕೊಟ್ಟ ಪತ್ರ ಉಳಿದಿದೆ. ಅದರಲ್ಲಿ ಆಕೆಗೆ ಬೆರಾಖಾ ಎಂಬ ಹೊಸ ಹೆಸರು, ಆಶೀರ್ವಾದ ಎಂದು ಅರ್ಥ. ಆತನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಇಲ್ಲಿ ಆತ ಕಂಚಿನ ಕಾರ್ಖಾನೆ ನಡೆಸಿದ. ಏಡನ್ನಿನಿಂದ ಹಳೆಯ ತಾಮ್ರ, ಒಡೆದ ಪಾತ್ರೆಗಳು ಬರುತ್ತಿದ್ದವು. ಇಲ್ಲಿ ಕರಗಿಸಿ ಹೇಳಿದ ಅಳತೆಗೆ ಬಟ್ಟಲು, ಬೀಗ ಮಾಡಿಸಿ ಕಳಿಸುತ್ತಿದ್ದ. ಅಲ್ಲಿಯ ಗೆಳೆಯರು ಉಡುಗೊರೆಯಾಗಿ ಕಳಿಸುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ ಮತ್ತು ಬರೆಯಲು ಕಾಗದ. ಓಲೆಗರಿಯ ನಾಡಿನಲ್ಲಿ ಕಾಗದ ಎಲ್ಲಿ ಸಿಕ್ಕೀತು? ಅದಕ್ಕೇ ಬಂದ ಪತ್ರಗಳ ಬೆನ್ನಿಗೇ ಆತ ಲೆಕ್ಕ ಬರೆದಿಟ್ಟ.

ಅವನ ಕೆಲಸಗಾರನೊಬ್ಬ ಇದ್ದ. ಹೀಬ್ರೂ ಲಿಪಿಯಲ್ಲಿ ಬರೆದ ಆ ಹೆಸರನ್ನು ವಿದ್ವಾಂಸರು ತುಳುನಾಡಿನ ಬೊಮ್ಮ ಅಥವಾ ಬಮ್ಮ ಎಂದು ಓದಿದ್ದಾರೆ. ನಮ್ಮ ಶಾಸನಗಳ ತುಂಬ ಇರುವ ಹೆಸರು. ದಣಿಯ ಪರವಾಗಿ ಏಡನ್ನಿಗೆ ಹೋಗಿ, ಸರಕು ಒಪ್ಪಿಸಿ, ತಿಂಗಳ ಸಂಬಳವನ್ನು ಅಲ್ಲಿಯೇ ಪಡೆದು ಖರ್ಚು ಮಾಡಿ ಬಂದ ಆಳು ಆತ. ಮುಂದಿನ ಪತ್ರಗಳಲ್ಲಿ ಏಡನ್ನಿನ ಸಾಹುಕಾರರು ಅವನಿಗೂ ಸಲಾಂ ಹೇಳಿ ಕಳಿಸುತ್ತಾರೆ. ಅರಸರ ಶಾಸನಗಳಲ್ಲಿ ಇಂಥವರಿಗೆ ಜಾಗವಿಲ್ಲ. ಪರದೇಶಿಯೊಬ್ಬನ ಲೆಕ್ಕದ ಚೀಟಿಯಲ್ಲಿ ಸಿಕ್ಕಿತು.

ಮಹ್ದಿಯಾದ ಮದೀನಾದ ನಡುವಿನ ಪುಟ್ಟ ಚೌಕಕ್ಕೆ ಕೈರೋ ಚೌಕವೆಂದು ಹೆಸರು. ಮರದ ನೆರಳಿನ ಕುರ್ಚಿಗಳಲ್ಲಿ ಮುದುಕರು ಬೆಳಗಿನಿಂದ ಸಂಜೆಯವರೆಗೆ ಒಂದೇ ಲೋಟ ಚಹಾ ಹಿಡಿದು ಕುಳಿತಿರುತ್ತಾರೆ. ಸುತ್ತಲ ಓಣಿಗಳಲ್ಲಿ ಇಂದಿಗೂ ಮಗ್ಗಗಳಿವೆ. ಒಂದರ ಬಾಗಿಲಲ್ಲಿ ನಿಂತು ನೋಡಿದೆ: ಗುಳಿಯಲ್ಲಿ ಕಾಲಿಳಿಸಿ ಕುಳಿತ ಮನುಷ್ಯ ಮದುಮಗಳಿಗೆಂದು ಕೆಂಪು, ಹಳದಿ, ಕಪ್ಪು ಪಟ್ಟೆಗಳ ರೇಷ್ಮೆ ನೇಯುತ್ತಿದ್ದರು. ಅಂಚಿಗೆ ಬಂದಾಗಲೆಲ್ಲ ಲಾಳಿಯನ್ನು ಬದಲಿಸಿ, ಎಡಗೈ ಹೆಬ್ಬೆರಳಿನಿಂದ ಜರಿಯ ಎಳೆಯನ್ನು ಒತ್ತಿ ನೋಡಿ, ಮತ್ತೆ ತುಳಿಯುತ್ತಿದ್ದರು. ಒಂದು ಗೇಣು ನೇಯಲು ಎಷ್ಟು ಹೊತ್ತು ಎಂದು ಸನ್ನೆಯಲ್ಲಿ ಕೇಳಿದೆ. ಹೊರಗಿನ ಬಿಸಿಲನ್ನು ತೋರಿಸಿ, ಅದು ಎದುರುಗೋಡೆಯಿಂದ ಇಳಿಯುವಷ್ಟು ಹೊತ್ತು ಎಂದು ಕೈಯಾಡಿಸಿದರು. ಮಧ್ಯಾಹ್ನ ಮೀನುಗಾರಿಕೆ ಬಂದರಿನ ಬಳಿ ಕೆಂಡದ ಮೇಲೆ ಸುಟ್ಟ ಸಾರ್ಡೀನ್ ತಿಂದೆ. ನಮ್ಮ ಬೂತಾಯಿಯ ಹತ್ತಿರದ ನೆಂಟ, ಮಸಾಲೆ ಮಾತ್ರ ಇಲ್ಲ. ಜೊತೆಗೆ ಕೊಟ್ಟ ಹರಿಸ್ಸಾ ಎಂಬ ಮೆಣಸಿನಕಾಯಿ ಚಟ್ನಿ ಹಚ್ಚಿಕೊಂಡರೆ ತಕ್ಕಮಟ್ಟಿಗೆ ಊರಿನ ನೆನಪಾಗುತ್ತದೆ.

ಭೂಶಿರದ ತುದಿಯಲ್ಲಿ ದೀಪಸ್ತಂಭ, ಅದರ ಸುತ್ತ ಸ್ಮಶಾನ. ಬಿಳಿ ಗೋರಿಗಳು ಇಳಿಜಾರಿನಲ್ಲಿ ಕಡಲಿನವರೆಗೂ ಹಬ್ಬಿವೆ, ಬೇಲಿ ಇಲ್ಲ. ಅವುಗಳ ಕೆಳಗೆ ಬಂಡೆಯಲ್ಲಿ ಕೊರೆದ ಫಾತಿಮೀಗಳ ಬಂದರು. ಚೌಕಾಕಾರದ ಸಣ್ಣ ಕೊಳದಂತಿರುವ ಅದರಲ್ಲಿ ಈಗ ನಾಲ್ಕಾರು ನೀಲಿ ದೋಣಿಗಳು ಕಟ್ಟಿದ್ದವು. ಬೆನ್ ಯಿಜು ಹುಟ್ಟಿದ ಊರಿನ ಕಡಲ ಬಾಗಿಲು ಇಷ್ಟು ಸಣ್ಣದೆಂದು ನಾನು ಎಣಿಸಿರಲಿಲ್ಲ. ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರನ ನೌಕಾಪಡೆ 1148ರ ಜೂನ್‌ನಲ್ಲಿ ಬಂದು ನಿಂತದ್ದು ಈ ನೀರಿನಲ್ಲಿ. ಊರನ್ನು ಆಳುತ್ತಿದ್ದ ಅಮೀರ ಕಾದಾಡದೆಯೇ ಓಡಿಹೋದ. ಅದರ ಹಿಂದಿನ ಕೆಲವು ವರ್ಷ ಬರಗಾಲ ಬಿದ್ದು ಜನ ಮೊದಲೇ ಸೋತಿದ್ದರು. ಬೆನ್ ಯಿಜುವಿನ ಒಡಹುಟ್ಟಿದವರು ನಿರ್ಗತಿಕರಾಗಿ ಸಿಸಿಲಿ ಸೇರಿದ್ದರು. ಇತ್ತ ಈತ, ಎಲ್ಲರಿಗೂ ಸಾಲುವಷ್ಟು ನನ್ನಲ್ಲಿದೆ, ಬೇಗ ಬನ್ನಿ, ನನ್ನ ಮಗಳನ್ನು ನಮ್ಮ ಕುಟುಂಬದ ಹುಡುಗನಿಗೇ ಕೊಡುತ್ತೇನೆ ಎಂದು ಏಡನ್ನಿನಿಂದ ಬರೆಯುತ್ತಿದ್ದ. ಆ ಪತ್ರದಲ್ಲಿ ಮಗಳಿದ್ದಾಳೆ, ಮಗನಿದ್ದಾನೆ, ಹಣವಿದೆ. ಆಶುವಿನ ಹೆಸರಿಲ್ಲ.

ನನ್ನನ್ನು ಕಾಡಿದ್ದು ಆ ಮದುವೆಯ ಮಾತು. ಲೆಕ್ಕದ ಚೀಟಿಯೊಂದರಲ್ಲಿ ಆಶುವಿನ ಸಹೋದರನನ್ನು ನಾಯರ್ ಎಂದು ಕರೆದಿರುವುದರಿಂದ ಆಕೆ ಅಳಿಯಕಟ್ಟಿನ ಮನೆತನದವಳಿರಬೇಕೆಂದು ವಿದ್ವಾಂಸರ ಊಹೆ. ಅಂಥ ಮನೆಯಲ್ಲಿ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು. ತಂದೆಯ ಒಡಹುಟ್ಟಿದವನ ಮಗ ಎಂದರೆ ಅಣ್ಣನೋ ತಮ್ಮನೋ ಆಗಬೇಕು. ಅವನಿಗೆ ಹೆಣ್ಣು ಕೊಡುವುದೆಂದರೆ ಬಾಯಿಗೆ ಕೈ ಇಟ್ಟುಕೊಳ್ಳುವ ಮಾತು. ಮಹ್ದಿಯಾದವನಿಗಾದರೋ ಅದಕ್ಕಿಂತ ಉತ್ತಮ ಸಂಬಂಧ ಬೇರಿಲ್ಲ. ಒಂದೇ ಮನೆಯಲ್ಲಿ ಹದಿನೇಳು ವರ್ಷ ಬಾಳಿದ ಎರಡು ಲೋಕಗಳು ಆ ಒಂದು ವಾಕ್ಯದಲ್ಲಿ ಬೇರಾಗುತ್ತವೆ. ಆ ಸಮುದ್ರದ ಎದುರು ಗೋರಿಗಳ ನಡುವೆ ಕುಳಿತು ನಾನು ಬಹಳ ಹೊತ್ತು ಯೋಚಿಸಿದ್ದು ಊರಿಗೆ ಮರಳಲಾಗದ ಬೆನ್ ಯಿಜುವಿನ ಬಗ್ಗೆ ಅಲ್ಲ. ಮಂಗಳೂರಿನ ಹುಡುಗಿಯೊಬ್ಬಳು, ಮನೆಯಲ್ಲಿ ಬಹುಶಃ ತುಳುವನ್ನೋ ಮಲಯಾಳವನ್ನೋ ಆಡುತ್ತ ಬೆಳೆದವಳು, ಕಂಡಿರದ ಸಹೋದರನಿಗೆ ಹೆಂಡತಿಯಾಗಲು ಹೊರಟ ಹಡಗಿನ ಬಗ್ಗೆ.

ಮಹ್ದಿಯಾದಿಂದ ದಕ್ಷಿಣಕ್ಕೆ ಲುವಾಜ್ ಹಿಡಿದೆ. ಬಿಳಿಯ ವ್ಯಾನು, ಕೆಂಪು ಪಟ್ಟಿ, ಎಂಟು ಜನ. ವೇಳಾಪಟ್ಟಿ ಇಲ್ಲ, ಎಂಟನೆಯವನು ಹತ್ತಿದ ಕ್ಷಣ ಹೊರಡುತ್ತದೆ. ಆ ದಿನ ಏಳನೆಯವನು ನಾನು. ಎಂಟನೆಯವನಿಗಾಗಿ ಒಂದೂವರೆ ಗಂಟೆ ಕಾದೆವು. ಆತ ಬಂದು ಹತ್ತಿ, ಎಲ್ಲರೂ ತನ್ನನ್ನು ತಡಮಾಡಿದರೆಂಬಂತೆ ಗಡಿಯಾರ ನೋಡಿಕೊಂಡ.

ಎಲ್ ಜೆಮ್‌ನ ರೋಮನ್ ಅಖಾಡ ಬಯಲಿನ ನಡುವೆ ಒಮ್ಮೆಲೇ ಎದ್ದು ನಿಲ್ಲುತ್ತದೆ, ಬೆರಗಾಗಿ ಮುಂದೆ ಹೋಗುತ್ತೀರಿ. ಆದರೆ ಆ ದಾರಿಯ ನಿಜವಾದ ದೃಶ್ಯ ಆಲಿವ್ ತೋಪುಗಳದ್ದು. ಸ್ಫಾಕ್ಸ್ ಸುತ್ತ ಮಳೆ ಅಷ್ಟು ಕಡಿಮೆಯಾದ್ದರಿಂದ ಮರದಿಂದ ಮರಕ್ಕೆ 24 ಮೀಟರ್ ಬಿಟ್ಟು ನೆಡುತ್ತಾರೆ, ಹೆಕ್ಟೇರಿಗೆ 17 ಮರ. ನಡುವಿನ ನೆಲದಲ್ಲಿ ಒಂದು ಹುಲ್ಲುಕಡ್ಡಿಯೂ ಇರದಂತೆ ಉಳುತ್ತಾರೆ, ಬಿದ್ದ ಹನಿಯನ್ನು ಕಳೆ ಕುಡಿಯಬಾರದು ಎಂದು. ನಮ್ಮಲ್ಲಿ 2.7 ಮೀಟರಿಗೊಂದು ಅಡಿಕೆ ಮರ, ಹೆಕ್ಟೇರಿಗೆ 1,300ಕ್ಕೂ ಮಿಕ್ಕಿ, ಬುಡದಲ್ಲಿ ಕಾಲಿಟ್ಟರೆ ಕೆಸರು. ಮರಗಳ ನಡುವೆ ನೆರಳೇ ಒಂದಾಗದ ತೋಟವನ್ನು ನಾನು ಮೊದಲ ಬಾರಿ ನೋಡಿದೆ. ನವೆಂಬರ್ ಅಲ್ಲಿ ಕೊಯ್ಲಿನ ಕಾಲ. ಬುಡದಲ್ಲಿ ಬಲೆ ಹಾಸಿ, ಏಣಿ ಹತ್ತಿ, ಹೆಂಗಸರು ಕೊಂಬೆಗಳನ್ನು ಜಡೆ ಬಾಚಿದ ಹಾಗೆ ಬಾಚುತ್ತಿದ್ದರು. ಹಿಂದೆ ಬೆರಳುಗಳಿಗೆ ಆಡಿನ ಕೊಂಬು ಸಿಕ್ಕಿಸಿಕೊಂಡು ಬಾಚುತ್ತಿದ್ದರಂತೆ. ಈಗ ಪ್ಲಾಸ್ಟಿಕ್ ಹಣಿಗೆ.

ಜೋರ್ಫ್‌ನಿಂದ ಅಜೀಮ್‌ಗೆ ಕಾರು, ಕುರಿ, ಜನರನ್ನು ಒಟ್ಟಿಗೆ ಹೊತ್ತ ದೋಣಿಯಲ್ಲಿ ದಾಟಿದರೆ ಜೆರ್ಬಾ ದ್ವೀಪ. ಸುಮಾರು 514 ಚದರ ಕಿಲೋಮೀಟರಿನ ಚಪ್ಪಟೆ ನೆಲ. ಊರು ಎಂದರೆ ಇಲ್ಲಿ ಗುಂಪಾದ ಮನೆಗಳಲ್ಲ. ತೋಟದ ನಡುವೆ ಒಂದೊಂದು ಮನೆ, ಮನೆಗೊಂದು ಬಾವಿ, ಅಲ್ಲಲ್ಲಿ ಇಬಾದಿ ಪಂಥದವರ ಗಿಡ್ಡ ಬಿಳಿ ಮಸೀದಿಗಳು. ನಮ್ಮ ಕರಾವಳಿಯ ಹಳ್ಳಿಗಳ ಹಾಗೆಯೇ. ಈ ಚದುರಿದ ನೆಲೆಯ ಮಾದರಿಗಾಗಿಯೇ 2023ರಲ್ಲಿ ಯುನೆಸ್ಕೊ ಜೆರ್ಬಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಂಪಾಗಿ ಬದುಕಿದವರು ಯಹೂದಿಗಳು, ಎರಡೇ ಊರುಗಳಲ್ಲಿ: ಹಾರಾ ಕೆಬೀರಾ, ಹಾರಾ ಸಘೀರಾ. ದೊಡ್ಡ ಕೇರಿ, ಚಿಕ್ಕ ಕೇರಿ.

ನಾನು ತಂಗಿದ್ದು ಈಗ ಎರ್ರಿಯಾದ್ ಎನಿಸಿಕೊಳ್ಳುವ ಚಿಕ್ಕ ಕೇರಿಯಲ್ಲಿ. 2014ರಲ್ಲಿ ಹಲವು ದೇಶಗಳ ಕಲಾವಿದರು ಬಂದು ಇದರ ಗೋಡೆಗಳ ಮೇಲೆಲ್ಲ ಚಿತ್ರ ಬರೆದುಹೋದರು. ಪ್ರವಾಸಿಗರು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚಿತ್ರಗಳು ಸೊಗಸಾಗಿವೆ. ಆದರೆ ಎಷ್ಟೋ ಚಿತ್ರಗಳ ಪಕ್ಕದ ಬಾಗಿಲಿಗೆ ತುಕ್ಕು ಹಿಡಿದ ಬೀಗವಿದೆ, ಬಾಗಿಲ ಚೌಕಟ್ಟಿನಲ್ಲಿ ಪ್ರಾರ್ಥನೆಯ ಸುರುಳಿ ಇಟ್ಟಿದ್ದ ಓರೆ ಗೂಡು ಖಾಲಿ ಇದೆ. ಬಣ್ಣಕ್ಕಿಂತ ಆ ಗೂಡನ್ನು ನೋಡಬೇಕು ಎಂದು ನನಗೆ ಅನಿಸಿತು.

ಮನೆಯೊಡತಿ ಬೆಳಗಿನ ತಿಂಡಿಗೆ ಬ್ಸೀಸಾ ಕೊಟ್ಟರು. ಹುರಿದ ಧಾನ್ಯ, ಕಡಲೆ, ಸೋಂಪು ಸೇರಿಸಿ ಬೀಸಿದ ಹಿಟ್ಟಿಗೆ ಆಲಿವ್ ಎಣ್ಣೆ ಹುಯ್ದು ಕಲಸಿದ್ದು. ನಮ್ಮ ಹುರಿಹಿಟ್ಟೇ. ನೆರೆಯ ಯಹೂದಿ ಮನೆಗಳಲ್ಲಿ ನಿಸಾನ್ ತಿಂಗಳ ಮೊದಲ ರಾತ್ರಿ ಇದನ್ನು ಮನೆಯ ಬೀಗದ ಕೈಯಿಂದ ಕಲಸುತ್ತಾರೆ ಎಂದು ಅವರು ಹೇಳಿದರು. ಹಿರಿಯರು ಎಣ್ಣೆ ಹುಯ್ಯುತ್ತ, ಬೀಗದ ಕೈ ಇಲ್ಲದೆಯೇ ತೆರೆಯುವವನೇ ಎಂದು ದೇವರನ್ನು ಕರೆಯುತ್ತಾರೆ. "ನಾವೂ ಚಿಕ್ಕವರಿದ್ದಾಗ ಹೋಗಿ ಬೆರಳು ಅದ್ದುತ್ತಿದ್ದೆವು," ಎಂದು ತಮ್ಮ ತೋರುಬೆರಳನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದರು.

ಅಲ್ಲಿಂದ ಒಂದು ಕಿಲೋಮೀಟರ್ ನಡೆದರೆ ಘ್ರೀಬಾ ಸಿನಗಾಗ್. ಕ್ರಿಸ್ತಪೂರ್ವ 586ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾದಾಗ ಓಡಿಬಂದ ಪುರೋಹಿತರು ಅದರ ಒಂದು ಕಲ್ಲನ್ನು ತಂದು ಇಲ್ಲಿ ಹಾಕಿದರು ಎಂಬುದು ಸ್ಥಳದ ನಂಬಿಕೆ. ಘ್ರೀಬಾ ಎಂದರೆ ಪರದೇಶಿ ಹೆಂಗಸು. ಊರವರು ದೂರವಿಟ್ಟಿದ್ದ ಅಪರಿಚಿತ ಹುಡುಗಿಯೊಬ್ಬಳ ಗುಡಿಸಲಿಗೆ ಬೆಂಕಿ ಬಿದ್ದಾಗ ಆಕೆಯ ದೇಹ ಮಾತ್ರ ಸುಡದೆ ಉಳಿಯಿತಂತೆ; ಅವಳ ಜಾಗ ಇದು. ಕತೆ ಹಳತಾದರೂ ಕಟ್ಟಡ ನೂರು ವರ್ಷಗಳ ಆಚೀಚಿನದು. ಒಳಹೋಗುವ ಮೊದಲು ತಡೆಗೋಡೆ, ಸ್ಕ್ಯಾನರ್, ಪಾಸ್‌ಪೋರ್ಟ್. 2002ರ ಏಪ್ರಿಲ್‌ನಲ್ಲಿ ಲಾರಿಯಲ್ಲಿ ತಂದ ಅನಿಲ ಸ್ಫೋಟಿಸಿ ಸುಮಾರು 20 ಜನ ಸತ್ತರು, ಹೆಚ್ಚಿನವರು ಜರ್ಮನ್ ಪ್ರವಾಸಿಗರು. 2023ರ ಮೇ ತಿಂಗಳ ಜಾತ್ರೆಯಲ್ಲಿ ಕಾವಲು ಪಡೆಯವನೊಬ್ಬನೇ ಗುಂಡು ಹಾರಿಸಿ 5 ಜನರನ್ನು ಕೊಂದ. ಹಾಗಾಗಿ ತಪಾಸಣೆಯ ಬಗ್ಗೆ ಗೊಣಗುವ ಹಕ್ಕು ಯಾರಿಗೂ ಇಲ್ಲ.

ಒಳಗೆ ನೀಲಿ. ಮರದ ಕಮಾನು, ಕಂಬ, ಗೋಡೆಯ ಬಿಲ್ಲೆ ಎಲ್ಲ ನೀಲಿಯ ಬೇರೆ ಬೇರೆ ಛಾಯೆಗಳು. ತಲೆಗೆ ಬಟ್ಟೆ ಕೊಟ್ಟರು. ಒಳಕೋಣೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡಲು ಹೇಳಿದಾಗ ನಾನು ಅದಾಗಲೇ ಬಿಟ್ಟಾಗಿತ್ತು. ಕಾಲು ತಾನಾಗಿಯೇ ಹಾಗೆ ಮಾಡಿತ್ತು. ನನ್ನ ಹಿಂದಿದ್ದ ಫ್ರೆಂಚ್ ದಂಪತಿ ಕಾಲುಚೀಲದಲ್ಲಿ ತಡವರಿಸುತ್ತಿದ್ದರು. ಚಾಪೆ ಹಾಸಿದ ಕಟ್ಟೆಯ ಮೇಲೆ ಮೂವರು ವೃದ್ಧರು ಓದುತ್ತಿದ್ದರು. ಒಬ್ಬರು ಓದು ನಿಲ್ಲಿಸಿ ಹುಂಡಿ ತೋರಿಸಿ ಮತ್ತೆ ಓದತೊಡಗಿದರು. ಪವಿತ್ರ ಸುರುಳಿಗಳ ಕಪಾಟಿನ ಕೆಳಗೊಂದು ಗವಿ. ಪಸ್ಕ ಹಬ್ಬದ ಎರಡನೆಯ ದಿನದಿಂದ ಎಣಿಸಿ 33ನೆಯ ದಿನದ ಹೊತ್ತಿಗೆ ನಡೆಯುವ ಜಾತ್ರೆಯಲ್ಲಿ ಹೆಂಗಸರು ಕೋಳಿಮೊಟ್ಟೆಯ ಮೇಲೆ ಹರಕೆ ಬರೆದು ಆ ಗವಿಯೊಳಗೆ ಇಟ್ಟು ಬರುತ್ತಾರೆ: ಮದುವೆಯಾಗದ ಹುಡುಗಿಯ ಹೆಸರು, ಮಕ್ಕಳಾಗದವಳ ಹೆಸರು. ಮುಸ್ಲಿಂ ಹೆಂಗಸರೂ ಬರುತ್ತಿದ್ದರು.

ಕೊನೆಯ ದಿನ ಮುಖ್ಯ ಪಟ್ಟಣ ಹೂಮ್ತ್ ಸೂಕ್‌ನ ಚಿನಿವಾರರ ಓಣಿಗೆ ಹೋದೆ. ಅಲ್ಲಿಯ ಯಹೂದಿ ಅಕ್ಕಸಾಲಿಗರಲ್ಲಿ ಅನೇಕರ ಮನೆ ಪಕ್ಕದ ದೊಡ್ಡ ಕೇರಿಯಲ್ಲಿ. ಹಿಂದಿನ ಸಂಜೆ ಆ ಕೇರಿಯಲ್ಲಿ ನಡೆದಾಗ ಪಾಠ ಮುಗಿಸಿ ಬಂದ ಹುಡುಗರು ಸೈಕಲ್ಲಿನಲ್ಲಿ ಕಿರುಚುತ್ತ ಹೋಗುತ್ತಿದ್ದುದನ್ನೂ, ಮೊಟ್ಟೆ ತುಂಬಿಸಿ ಕರಿಯುವ ಬ್ರೀಕ್‌ಗಾಗಿ ಒಂದು ಕಿಟಕಿಯ ಮುಂದೆ ಜನ ಮುಗಿಬಿದ್ದುದನ್ನೂ ನೋಡಿದ್ದೆ. ಟ್ಯೂನಿಸಿನಲ್ಲಿ ಪರಂಪರೆ ಎಂದರೆ ಕಾವಲಿರುವ ಗೋಡೆ. ಇಲ್ಲಿಯವರಿಗೆ ತಾವು ಪರಂಪರೆ ಎಂಬುದೇ ಗೊತ್ತಿಲ್ಲದಂತಿತ್ತು.

ಒಂದು ಅಂಗಡಿಯ ಎಪ್ಪತ್ತು ದಾಟಿದ ಅಕ್ಕಸಾಲಿಗರು ನಾನು ಭಾರತದವನೆಂದು ತಿಳಿದು ಅಮಿತಾಭ್ ಬಚ್ಚನ್ ಹೆಸರು ಹೇಳಿ ಸ್ಟೂಲು ಎಳೆದುಕೊಟ್ಟರು. ನನ್ನ ಮುರುಕು ಫ್ರೆಂಚಿನಲ್ಲಿ ಬೆನ್ ಯಿಜುವಿನ ಕತೆ ಹೇಳಿದೆ. ಅವರು ಆ ಹೆಸರು ಕೇಳಿರಲಿಲ್ಲ. ಕಣ್ಣಿಗೆ ಸಿಕ್ಕಿಸಿದ ಮಸೂರವನ್ನು ತೆಗೆದು ಕೇಳಿದರು:

"ಏನು ವ್ಯಾಪಾರ?"

"ಮೆಣಸು, ಕಂಚು, ಅಡಿಕೆ."

"ಲಾಭ ಇತ್ತೇ?"

"ಇತ್ತು. ಆದರೆ ಒಡಹುಟ್ಟಿದವನೊಬ್ಬ ಮೋಸ ಮಾಡಿದ. ಮಗನೂ ತೀರಿಹೋದ."

ಅವರು ನಾಲಿಗೆ ಲೊಚಗುಟ್ಟಿದರು. "ಮಗಳಿದ್ದಳು ಎಂದಿರಿ. ಅವಳಿಗೆ ಮದುವೆಯಾಯಿತೇ?"

ಆಯಿತು, 1156ರಲ್ಲಿ, ಹಳೆಯ ಕೈರೋದಲ್ಲಿ, ಸಿಸಿಲಿಯಿಂದ ಬಂದ ಇನ್ನೊಬ್ಬ ಸಹೋದರನ ಮಗನ ಜೊತೆ. ಅವಳಿಗೆ ಕೊಟ್ಟ ಒಡವೆ ವಸ್ತ್ರಗಳ ಪಟ್ಟಿ ಉಳಿದಿದೆ ಎಂದೆ. ಅವರ ಮುಖ ಅರಳಿತು. ಒಡವೆ ಏನೇನು, ಎಷ್ಟು ತೂಕ ಎಂದು ಕೇಳಿದರು. ನನಗೆ ಬಾಯಿಪಾಠ ಇರಲಿಲ್ಲ. ಅಷ್ಟು ದೂರದಿಂದ ಬಂದವನು ಮುಖ್ಯವಾದುದನ್ನೇ ಓದಿಕೊಂಡು ಬರಲಿಲ್ಲ ಎಂಬಂತೆ ನನ್ನನ್ನು ನೋಡಿದರು.

ಜೇಬಿನಲ್ಲಿ ಉಳಿದಿದ್ದ ಅಡಿಕೆಗಳಲ್ಲಿ ಒಂದನ್ನು ಕೊಟ್ಟೆ. ತಂತಿ ಕತ್ತರಿಸುವ ಕತ್ತರಿಯಲ್ಲಿ ಅದನ್ನು ಸೀಳಿ, ಒಳಗಿನ ಬಿಳಿ ಕಂದು ಗೆರೆಗಳನ್ನು ಮಸೂರದಲ್ಲಿ ಪರೀಕ್ಷಿಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಮುಖ ಹಿಂಡಿದರು. ಹೆಸರೇನು ಎಂದರು. ಫೌಫಲ್ ಎಂದೆ. ಉಳಿದರ್ಧವನ್ನು ಓಲೆ ಕಟ್ಟಿಕೊಡುವ ತೆಳು ಕಾಗದದಲ್ಲಿ ಸುತ್ತಿ, ಮೊಂಡು ಪೆನ್ಸಿಲಿನಿಂದ ಅದರ ಮೇಲೆ ಆ ಪದವನ್ನು ಬಲದಿಂದ ಎಡಕ್ಕೆ ಬರೆದುಕೊಂಡರು. ಪದ ಅರಬ್ಬಿ, ಅಕ್ಷರ ಹೀಬ್ರೂ. ಪೊಟ್ಟಣವನ್ನು ಮೇಜಿನ ಸೆಳೆಖಾನೆಯೊಳಗೆ ಇಟ್ಟು, ನಾನು ಮೊದಲೇ ನೋಡುತ್ತಿದ್ದ ಬೆಳ್ಳಿಯ ಮೀನಿನ ಪದಕವನ್ನು ತಕ್ಕಡಿಗೆ ಹಾಕಿ ಬೆಲೆ ಹೇಳಿದರು. ಹತ್ತು ದಿನಾರ್ ಕಡಿಮೆ ಮಾಡಿ ಎಂದೆ. ಮಾಡಲಿಲ್ಲ.